ಕುಂಕುಮ ಮೆತ್ತಿದ ಗಾಜು

ಕಾಫಿಯನ್ನು ಎಲ್ಲ ಮನೆಗಳಲ್ಲೂ ಕೊಟ್ಟರು. ಪಟವನ್ನು ಯಾರೂ ಕೊಡಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಮೈಸೂರಿನಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಸಣ್ಣ ಕಲಾ ಸಂಗ್ರಹಾಲಯದಲ್ಲಿ ನಾನು ಸಹಾಯಕ ಕ್ಯುರೇಟರ್ ಆಗಿದ್ದೆ. ಊರಿನವರು ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು, ಅದರ ನೆನಪು ಬಂದಾಗ. ಹೆಚ್ಚಾಗಿ ಬರುತ್ತಿರಲಿಲ್ಲ. ಹಳೆಯ ಬಂಗಲೆ, ದೊಡ್ಡ ಕೋಣೆಯ ತಾರಸಿ ಸೋರುತ್ತಿತ್ತು. ಮಳೆ ಬಂದಾಗ ಪಟಗಳನ್ನು ಇಳಿಸಿ ಒಳಗಿನ ಗೋಡೆಗೆ ಒರಗಿಸಿ ಬಕೆಟ್ಟು ಇಡುವುದು ನನ್ನ ಕೆಲಸಗಳಲ್ಲಿ ಒಂದು. ತಾರಸಿ ಬಿಚ್ಚಿ ಹೊಸದಾಗಿ ಹಾಕದಿದ್ದರೆ ಈ ಕೋಣೆಯನ್ನು ಇನ್ನು ನಂಬುವಂತಿಲ್ಲ ಎಂದು ಎಂಜಿನಿಯರರು ಹೇಳಿ ಹೋಗಿದ್ದರು. ಹಣ ಹುಟ್ಟದಿದ್ದರೆ ಬೀಗ ಹಾಕಿ, ಸಂಗ್ರಹವನ್ನು ಬೇರೊಂದು ಸಂಸ್ಥೆಯ ಉಗ್ರಾಣಕ್ಕೆ ಒಪ್ಪಿಸುವುದು ಎಂದು ಟ್ರಸ್ಟಿನವರು ತೀರ್ಮಾನ ಮಾಡಿದ್ದರು. ಅದನ್ನು ಅವರು ಬೇಸರದಿಂದಲೂ ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದರು.

ಮೈಸೂರಿನಲ್ಲಿ ದಾನ ಕೇಳುವುದಕ್ಕೆ ಒಂದು ಕ್ರಮವಿದೆ. ಯಾರ ಬಳಿ ಹೋದರೂ ಮೊದಲು ಕೇಳುವುದು, "ಬೇರೆ ಯಾರು ಕೊಟ್ಟಿದಾರೆ?" ಎಂದು. ಇಲ್ಲವೆಂದರೆ "ನೋಡೋಣ" ಎನ್ನುತ್ತಾರೆ. ದೇವರಾಜ ಅರಸು ರಸ್ತೆಯ ಜವಳಿ ಅಂಗಡಿಯವರಿಂದ ಹಿಡಿದು ಸಯ್ಯಾಜಿರಾವ್ ರಸ್ತೆಯ ಬೆಳ್ಳಿ ಅಂಗಡಿಯವರವರೆಗೆ ಎಲ್ಲರೂ ನನಗೆ ಕುರ್ಚಿ ಹಾಕಿಸಿ, ತಣ್ಣಗಿನ ನೀರು ತರಿಸಿ, ನೋಡೋಣ ಎಂದರು. ಮೊದಲು ಒಂದು ದೊಡ್ಡ ಹೆಸರು ಬೇಕಿತ್ತು. ಅದು ಬಂದರೆ ಉಳಿದವರು ತಾವಾಗಿಯೇ ಬರುತ್ತಿದ್ದರು.

ಆ ದೊಡ್ಡ ಹೆಸರನ್ನು ನಮ್ಮ ಕಾರ್ಯದರ್ಶಿಗಳು ಹುಡುಕಿದರು. ಅವರು ನಿವೃತ್ತ ಅಧಿಕಾರಿ. ತಾತ ಅರಮನೆಯ ಕಚೇರಿಯಲ್ಲಿ ಇದ್ದವರು. ಯಾರಿಗೆ ಹೇಗೆ ಬರೆಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊರ ಊರಿನ ದತ್ತಿ ಸಂಸ್ಥೆಯೊಂದು ನಮ್ಮ ಅರ್ಜಿಯನ್ನು ಪರಿಶೀಲನೆಗೆ ತೆಗೆದುಕೊಂಡಿತು. ಅವರು ಕೇಳಿದ್ದು ಎರಡು. ಊರಿನ ಜನ ಸಂಗ್ರಹಾಲಯದ ಜೊತೆ ಸೇರಿದ್ದಾರೆಂದು ತೋರಿಸಬೇಕು. ಇರುವ ಕಲಾಕೃತಿಗಳನ್ನು ನಾವು ಶಾಸ್ತ್ರೀಯವಾಗಿ ಕಾಪಾಡಬಲ್ಲೆವೆಂದು ತೋರಿಸಬೇಕು.

ಎರಡನೆಯದಕ್ಕೆ ನಮ್ಮಲ್ಲಿ ಸಾಕ್ಷಿ ಇತ್ತು. ನಾನು ಕೆಲಸಕ್ಕೆ ಸೇರುವುದಕ್ಕೆ ಮುಂಚೆ, ಒಂದು ಮನೆಯ ರಾಜರಾಜೇಶ್ವರಿಯ ಪಟವನ್ನು ಸಂಗ್ರಹಾಲಯ ಪ್ರದರ್ಶನಕ್ಕೆ ತಂದು, ಉಚಿತವಾಗಿ ಶುದ್ಧಮಾಡಿ ಹಿಂದಿರುಗಿಸಿತ್ತು. ಸಾಂಪ್ರದಾಯಿಕ ಮೈಸೂರು ಶೈಲಿಯ ಪಟ. ಒಡವೆ, ಕಿರೀಟ, ಮಂಟಪದ ಕಂಬ ಎಲ್ಲ ಮಕ್ಕುಸಫೇದ ಎಂಬ ಬಿಳಿ ಪುಡಿಯ ಲೇಪದಿಂದ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸಿದ್ದು. ಶುದ್ಧಿಗೆ ಮುಂಚಿನ ಫೋಟೋ, ಶುದ್ಧಿಯ ನಂತರದ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ನಮ್ಮ ಪರಿಚಯ ಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದ್ದರು. ಎಡಗಡೆ ಹೊಗೆ ಹಿಡಿದ ಮಸುಕು, ಬಲಗಡೆ ಥಳಥಳ. ದತ್ತಿ ಸಂಸ್ಥೆಯವರು ಮೆಚ್ಚಿಕೊಂಡು ಬರೆದದ್ದು ಆ ಪುಟವನ್ನೇ.

ಮೊದಲನೆಯದು ನನ್ನ ಪಾಲಿಗೆ ಬಂತು. ಮನೆಗಳ ದೇವರ ಕೋಣೆಯಲ್ಲಿರುವ ಹಳೆಯ ಪಟಗಳನ್ನು ಕೆಲವು ವಾರಗಳ ಮಟ್ಟಿಗೆ ಕೇಳಿ ತಂದು ಒಂದು ಪ್ರದರ್ಶನ ಮಾಡುವುದು. ಸುಲಭ ಅಂದುಕೊಂಡೆ. ನನ್ನ ಮೊಪೆಡ್ ಹತ್ತಿ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಹಳೆಯ ಅಗ್ರಹಾರದ ಬೀದಿಗಳನ್ನು ಸುತ್ತಿದೆ. ಹೋದ ಮನೆಯಲ್ಲೆಲ್ಲ ಪರಿಚಯ ಪತ್ರಿಕೆಯನ್ನು ಕೈಗೆ ಕೊಡುತ್ತಿದ್ದೆ. ಅವರು ಮೊದಲ ಪುಟ ನೋಡುತ್ತಿದ್ದರು. ಕಾಫಿ ತರುತ್ತಿದ್ದರು. ಆಮೇಲೆ ಒಂದೊಂದು ಮನೆಯಲ್ಲಿ ಒಂದೊಂದು ಮಾತು. "ಮನೇಲಿ ಶುಭಕಾರ್ಯ ಇದೆ." "ಯಜಮಾನರನ್ನ ಕೇಳ್ಬೇಕು." "ಗೋಡೆಯಿಂದ ತೆಗೆದ್ರೆ ಮೊಳೆ ಸಡಿಲ ಆಗುತ್ತೆ." ಒಬ್ಬರೂ ಇಲ್ಲ ಎನ್ನಲಿಲ್ಲ. ಮೈಸೂರಿನಲ್ಲಿ ಇಲ್ಲ ಎನ್ನುವುದು ಒರಟುತನ.

ಕೊನೆಗೆ ಕೃಷ್ಣಮೂರ್ತಿಪುರಂನ ಒಂದು ಮನೆಯಲ್ಲಿ, ನನಗಿಂತ ಸ್ವಲ್ಪ ದೊಡ್ಡವರಾದ ಸೊಸೆ ಗೇಟಿನವರೆಗೂ ಬಂದು ದನಿ ತಗ್ಗಿಸಿ ಹೇಳಿದರು: "ನೀವು ಸುಮ್ನೆ ಓಡಾಡ್ತಿದೀರ ಕಣ್ರೀ. ಆ ಫೋಟೋ ತೋರಿಸ್ಕೊಂಡು ಬಂದ್ರೆ ಯಾರು ಕೊಡ್ತಾರೆ? ಚಾಮುಂಡಿಪುರಂನಲ್ಲಿ ಆ ಪಟದೋರ ಮನೆ ಇದೆ. ಹೋಗಿ ಕೇಳಿ."

ಹೋದೆ. ಮನೆಯ ಯಜಮಾನಿಗೆ ಅರವತ್ತರ ಆಸುಪಾಸು. ಮುಂದೆ ನಾನು ಅವರನ್ನು ಅಮ್ಮ ಎಂದೇ ಕರೆದದ್ದರಿಂದ ಇಲ್ಲಿಯೂ ಹಾಗೇ ಬರೆಯುತ್ತೇನೆ. ರಾಜರಾಜೇಶ್ವರಿ ಹಾಲಿನಲ್ಲಿ, ಟಿವಿಯ ಮೇಲೆ ಇದ್ದಳು. ಥಳಥಳ ಹೊಳೆಯುತ್ತಿದ್ದಳು. ಹೂವಿರಲಿಲ್ಲ.

"ಚೆನ್ನಾಗಿದೆಯಲ್ವಾಮ್ಮ?" ಎಂದೆ, ಬೇರೆ ಏನು ಹೇಳಬೇಕೆಂದು ತೋಚದೆ.

"ಚೆನ್ನಾಗಿದೆ. ಬಂದೋರೆಲ್ಲ ಹಾಗೇ ಅಂತಾರೆ." ಅವರು ಪಟದ ಕಡೆ ನೋಡದೆ ಹೇಳಿದರು. "ಮೊದಲು ದೇವರ ಮನೇಲಿತ್ತು. ನಮ್ಮತ್ತೆ, ಅವರತ್ತೆ, ಅವರಿಗಿಂತ ಹಿಂದಿನೋರು, ಎಲ್ಲರೂ ಶುಕ್ರವಾರ ಶುಕ್ರವಾರ ಅವಳ ಪಾದಕ್ಕೆ ಕುಂಕುಮ ಇಡ್ತಾ ಬಂದಿದ್ರು. ಗಾಜಿನ ಮೇಲೇ. ಅದು ಇಷ್ಟು ದಪ್ಪ ಗಟ್ಟಿಯಾಗಿತ್ತು. ನಿಮ್ಮೋರು ಪಟ ಮುಟ್ಟಲಿಲ್ಲ ಕಣಮ್ಮ. ಗಾಜು ಬದಲಾಯಿಸಿದ್ರು, ಅಷ್ಟೇ."

"ಹಳೇ ಗಾಜು?"

"ನಾವೂ ಕೇಳಿದ್ವಿ. ಒಡಕು ಗಾಜು, ಬಿಸಾಕ್ಬುಟ್ವಿ ಅಂದ್ರು."

ನನಗೆ ಗೊತ್ತಿದ್ದ ವಿದ್ಯೆಯ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಕಲಾಕೃತಿ ಎಂದರೆ ಬಣ್ಣ, ರೇಕು, ಕಾಗದ, ಹಿಂದಿನ ಹಲಗೆ. ಗಾಜು ಹೊದಿಕೆ. ಹೊದಿಕೆ ಹಳತಾದರೆ ಬದಲಾಯಿಸುತ್ತಾರೆ. ನಾನೇ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಆ ಹಾಲಿನಲ್ಲಿ ಕೂತು ಹಾಗೆಂದು ಹೇಳುವುದು ನನ್ನಿಂದ ಆಗಲಿಲ್ಲ.

"ಅತ್ತೆ ಆಮೇಲೂ ಸ್ವಲ್ಪ ದಿನ ಇಟ್ರು ಕುಂಕುಮ," ಎಂದರು ಅಮ್ಮ. "ಆಮೇಲೆ ನಿಲ್ಲಿಸಿಬಿಟ್ರು. ಯಾಕೆ ಅಂದ್ರೆ, ಅವಳಿಗೆ ನನ್ನ ಗುರುತು ಸಿಕ್ತಿಲ್ಲ ಕಣೇ ಅಂದ್ರು. ಹೋಗೋವರೆಗೂ ಅದೇ ಮಾತು."

"ನಮಗೆ ಯಾರೂ ಹೇಳಲೇ ಇಲ್ಲವಲ್ಲ."

"ಹೇಳೋದಕ್ಕೇನಿದೆ? ಚೆನ್ನಾಗೇ ಮಾಡಿಕೊಟ್ಟಿದ್ರಿ. ದುಡ್ಡೂ ತಗೊಂಡಿರಲಿಲ್ಲ."

ಹೀಗೆ ನಮ್ಮ ಹೆಸರು ಹೋಗಿತ್ತು. ಒಂದು ದೂರಿಲ್ಲ, ಜಗಳವಿಲ್ಲ. ಮದುವೆ ಮನೆಗಳಲ್ಲಿ, ಅರಿಶಿನ ಕುಂಕುಮಕ್ಕೆ ಕರೆದ ಕಡೆಗಳಲ್ಲಿ, ಬಾಯಿಂದ ಬಾಯಿಗೆ. ಮ್ಯೂಸಿಯಂನವರಿಗೆ ಕೊಟ್ಟರೆ ದೇವರು ದೇವರಾಗಿ ವಾಪಸು ಬರುವುದಿಲ್ಲ ಎಂದು. ನಾವು ಮಾತ್ರ ಅದನ್ನೇ ಬಣ್ಣದಲ್ಲಿ ಅಚ್ಚು ಹಾಕಿಸಿ ಮನೆಮನೆಗೂ ಹಂಚುತ್ತಿದ್ದೆವು.

ಅಮ್ಮನ ಬಳಿ ನಾನು ಕ್ಷಮೆ ಕೇಳಿದೆ. ಅವರಿಗೆ ಅದು ಅಷ್ಟು ಮುಖ್ಯವೆನಿಸಲಿಲ್ಲ. ಪಟ ತಂದರೆ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ವಿಚಾರಿಸಿದರು. ಗೋಡೆಯಿಂದ ಹೇಗೆ ಇಳಿಸುತ್ತೀರಿ, ಯಾವುದರಲ್ಲಿ ಸುತ್ತುತ್ತೀರಿ, ಆಟೋದಲ್ಲಿ ನಿಲ್ಲಿಸುತ್ತೀರಾ ಮಲಗಿಸುತ್ತೀರಾ, ಶುಕ್ರವಾರ ಏನು ಮಾಡುತ್ತೀರಿ. ಶುಕ್ರವಾರದ ವಿಷಯ ನಾನು ಯೋಚಿಸಿರಲಿಲ್ಲ. "ಅವರವರ ಪಟಕ್ಕೆ ಅವರವರು ಬಂದು ಕುಂಕುಮ ಇಟ್ಟು ಹೋಗಲಿ," ಎಂದೆ. "ಗಾಜು ಬದಲಾಯಿಸುವುದಿಲ್ಲ. ಒರೆಸುವುದೂ ಇಲ್ಲ. ದೀಪ ಮಾತ್ರ ಹಚ್ಚುವ ಹಾಗಿಲ್ಲ."

"ಮಾತು ಕೊಡ್ತೀರಾ?"

"ಕೊಡ್ತೀನಿ."

"ಹಾಗಿದ್ರೆ ನಾನೂ ಬರ್ತೀನಿ. ನೀವೊಬ್ರೇ ಹೋದ್ರೆ ಇನ್ನೂ ಕಾಫಿ ಕುಡ್ಕೊಂಡೇ ಬರ್ತೀರ."

ಮರುವಾರದಿಂದ ಅವರು ನನ್ನ ಮೊಪೆಡ್ಡಿನ ಹಿಂದೆ ಕೂತು ಮನೆಮನೆಗೆ ಬಂದರು. ಅವರು ಆಡುತ್ತಿದ್ದದ್ದು ಒಂದೇ ಮಾತು: "ಗಾಜು ಮುಟ್ಟಲ್ಲ ಅಂದಿದಾಳೆ. ಅವಳ ಮಾತಿಗೆ ನಾನಿದೀನಿ." ಹಿಂದೆ ಶುಭಕಾರ್ಯವಿದೆ ಎಂದಿದ್ದ ಮನೆಯವರೇ ದೇವರ ಕೋಣೆಯ ಬಾಗಿಲು ತೆರೆದರು. ಪಟ ಇಳಿಸುವ ಮುಂಚೆ ಮಂಗಳಾರತಿ ಮಾಡಿದರು. ಹಳೆಯ ಮೆತ್ತನೆಯ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಎದೆಗೆ ತಾಗದಂತೆ ಹಿಡಿದು ಆಟೋದಲ್ಲಿ ತಂದೆವು. ಲಕ್ಷ್ಮೀಪುರಂನ ಗಜಲಕ್ಷ್ಮಿ ಎಲ್ಲಕ್ಕಿಂತ ದೊಡ್ಡದು. ಅದರ ಗಾಜಿನ ಕೆಳಭಾಗದಲ್ಲಿ ಕುಂಕುಮ, ಗಂಧ, ಅರಿಶಿನ ಪದರ ಪದರವಾಗಿ ಕೂತು ಲಕ್ಷ್ಮಿಯ ಪಾದ, ಕಮಲ ಎರಡೂ ಕಾಣದಾಗಿದ್ದವು.

ಪರಿಚಯ ಪತ್ರಿಕೆಯ ಮೊದಲ ಪುಟ ತೆಗೆಸೋಣವೆಂದು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಪುಟ ನೋಡಿಯೇ ಅವರು ನಮ್ಮ ಕೈ ಹಿಡಿದಿರೋದು. ಈಗ ಅದೇ ತಪ್ಪು ಅಂದ್ರೆ ಏನಂತ ಬರೀಲಿ?" ಅವರ ಮಾತಿನಲ್ಲೂ ನ್ಯಾಯವಿತ್ತು. ಊರಿನ ಮನೆಗಳಿಗೆ ಕೊಡುವ ಪ್ರತಿಗಳಿಂದ ಪುಟ ತೆಗೆಸಿದೆವು. ಹೊರಗೆ ಕಳಿಸುವ ಪ್ರತಿಗಳಲ್ಲಿ ಹಾಗೇ ಉಳಿಸಿದೆವು. ಒಂದೇ ಸಂಗ್ರಹಾಲಯಕ್ಕೆ ಎರಡು ಹೆಸರಾಯಿತು. ಇದು ಎಷ್ಟು ದಿನ ನಡೆದೀತು ಎಂದು ನಾನಾಗಲಿ ಅವರಾಗಲಿ ಕೇಳಿಕೊಳ್ಳಲಿಲ್ಲ.

ಪ್ರದರ್ಶನ ಶುರುವಾಯಿತು. ಮೊದಲ ಶುಕ್ರವಾರ ಹೆಂಗಸರು ಹೂವಿನ ಬುಟ್ಟಿ, ಕುಂಕುಮದ ಭರಣಿ ಹಿಡಿದು ಬಂದರು. ಯಾರೂ ಹೇಳದೆಯೇ ದೊಡ್ಡ ಕೋಣೆಯ ಹೊಸಿಲ ಹೊರಗೆ ಚಪ್ಪಲಿ ಬಿಟ್ಟರು. ಅದನ್ನು ನೋಡಿ ಸುಮ್ಮನೆ ನೋಡಲು ಬಂದವರೂ ಬಿಟ್ಟರು. ಹೂವಿನಿಂದ ಹುಳು ಬರುತ್ತದೆಂದು ನಾನು ಪಟಕ್ಕೆ ತಾಗದಂತೆ ಕೆಳಗೊಂದು ಗೂಟದ ಹಲಗೆ ಹೊಡೆಸಿದ್ದೆ. ಹೂವು ಅಲ್ಲಿ, ಸಂಜೆ ತೆಗೆದುಬಿಡುವುದು. ಕುಂಕುಮವನ್ನು ಅವರು ಉಂಗುರ ಬೆರಳಿನಿಂದ ಗಾಜಿಗೇ ಇಟ್ಟರು. ಅಶೋಕಪುರಂನ ಶಾಲೆಯೊಂದರ ಮೇಷ್ಟ್ರು ಮಕ್ಕಳನ್ನು ಕರೆತಂದರು. ಅಕ್ಕಪಕ್ಕದ ಬೀದಿಯವರು, ಗೇಟಿನ ಮುಂದೆ ವರ್ಷಗಟ್ಟಲೆ ಓಡಾಡಿಯೂ ಒಳಗೆ ಬಾರದಿದ್ದವರು, ಬಂದರು. "ಇದು ನಮ್ಮಂಥೋರು ಬರೋ ಜಾಗ ಅಂತ ಗೊತ್ತೇ ಇರಲಿಲ್ಲ," ಎಂದು ಹಾಲಿನ ಬೂತಿನವರೊಬ್ಬರು ನನಗೆ ಹೇಳಿದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. ಆದರೆ ತಾರಸಿಯ ತೇವ ಗೋಡೆಗೆ ಇಳಿದು ಬರುತ್ತಿದ್ದುದು ನನ್ನ ಕಣ್ಣಿಗೆ ಮೊದಲು ಬೀಳುತ್ತಿತ್ತು.

ದತ್ತಿ ಸಂಸ್ಥೆಯ ತಜ್ಞರು ಬರುವ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಕಾರ್ಯದರ್ಶಿಗಳು ಬೇಗ ಬಂದರು. ಕೈಯಲ್ಲಿ ಕಾಗದ ಸುತ್ತಿದ ಹೊಸ ಗಾಜು. ಗಜಲಕ್ಷ್ಮಿಯ ಅಳತೆಗೆ ಕತ್ತರಿಸಿ ತಂದಿದ್ದರು.

"ನೋಡಿಮ್ಮ, ನೀವು ಮಾತು ಕೊಟ್ಟಿದೀರ, ನಂಗೆ ಗೊತ್ತು. ಒರೆಸೋದು ಬೇಡ. ಹಳೇ ಗಾಜನ್ನ ಹುಷಾರಾಗಿ ತೆಗೆದಿಟ್ಟು, ಇವತ್ತೊಂದು ದಿನ ಇದನ್ನ ಹಾಕಿ. ಅವರು ಹೋದ ಮೇಲೆ ಅದನ್ನೇ ಮತ್ತೆ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಸಾರ್, ಅಮ್ಮನಿಗೆ..."

"ತಾರಸಿ ಇಲ್ಲದೆ ನಿಮ್ಮ ಅಮ್ಮ ಶುಕ್ರವಾರ ಎಲ್ಲಿಗೆ ಬರ್ತಾರೆ?"

ಕಾರ್ಯದರ್ಶಿಗಳು ಕೆಟ್ಟವರಲ್ಲ. ಆ ಕಟ್ಟಡವನ್ನು ಅವರಷ್ಟು ಹಚ್ಚಿಕೊಂಡವರು ಯಾರೂ ಇರಲಿಲ್ಲ. ನಾನು ಮೇಜಿನ ಮೇಲೆ ಕಂಬಳಿ ಹಾಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದೆ. ಇಕ್ಕಳ, ಸಣ್ಣ ಸುತ್ತಿಗೆ ತೆಗೆದಿಟ್ಟೆ. ಇಬ್ಬರೂ ಸೇರಿ ಗಜಲಕ್ಷ್ಮಿಯನ್ನು ಇಳಿಸಿದೆವು.

ಹಳೆಯ ಕಟ್ಟಿನ ಪಟದ ಗಾಜನ್ನು ಮುಂದಿನಿಂದ ತೆಗೆಯಲಾಗುವುದಿಲ್ಲ. ಮುಖ ಕೆಳಗೆ ಮಾಡಿ ಮಲಗಿಸಬೇಕು. ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹಲಗೆ ತೆಗೆದು, ಚಿತ್ರವನ್ನು ಎತ್ತಿ, ಕೊನೆಗೆ ಗಾಜು. ಎಷ್ಟೋ ಸಲ ಮಾಡಿದ ಕೆಲಸ. ನಾನು ಚೌಕಟ್ಟನ್ನು ಬಗ್ಗಿಸಿದೆ. ಪೂರ್ತಿ ಬಗ್ಗುವ ಮೊದಲೇ ಬಿಳಿ ಬಟ್ಟೆಯ ಮೇಲೆ ಕೆಂಪು ಪುಡಿ ಉದುರಿತು. ಒಣಗಿ ನಿಂತಿದ್ದ ಕುಂಕುಮದ ಅಂಚು ಬಿರುಕು ಬಿಟ್ಟಿತ್ತು. ಪೂರ್ತಿ ಮಲಗಿಸಿದರೆ ಇಡೀ ಪದರ ಬಟ್ಟೆಗೆ ಬರುತ್ತಿತ್ತು. ಗಾಜನ್ನು ಜೋಪಾನವಾಗಿ ತೆಗೆದಿಡಬಹುದಿತ್ತು. ಆದರೆ ಅದು ಬರೀ ಗಾಜಾಗಿರುತ್ತಿತ್ತು.

ನಾನು ಚೌಕಟ್ಟನ್ನು ಮತ್ತೆ ನೆಟ್ಟಗೆ ನಿಲ್ಲಿಸಿದೆ.

"ಆಗಲ್ಲ ಸಾರ್," ಎಂದೆ.

"ಸ್ವಲ್ಪ ಉದುರಿದ್ರೆ ಏನಾಗುತ್ತೆ?"

"ನಿಲ್ಲಿಸ್ತೀನಿ ಸಾರ್. ನಾನು ಮಾಡಲ್ಲ."

ಅವರು ಹೊಸ ಗಾಜನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ ತಾವೇ ಬಂದು ಪಟದ ಇನ್ನೊಂದು ಬದಿ ಹಿಡಿದರು. ಇಬ್ಬರೂ ಮತ್ತೆ ಗೋಡೆಗೆ ಏರಿಸಿದೆವು. ಬಟ್ಟೆಯ ಮೇಲೆ ಉದುರಿದ್ದನ್ನು ನಾನು ಒಂದು ಕಾಗದದ ಪೊಟ್ಟಣಕ್ಕೆ ಹಾಕಿ, ಅದನ್ನು ಆ ಮನೆಯವರಿಗೆ ಕೊಡುವುದೆಂದು ತೆಗೆದಿಟ್ಟೆ. ಆ ಹೊತ್ತಿನಲ್ಲಿ ದೊಡ್ಡ ತೀರ್ಮಾನ ಮಾಡಿದೆನೆಂದು ನನಗೆ ಅನ್ನಿಸಲಿಲ್ಲ. ಕೈ ನಿಂತಿತು. ಮುಂದೆ ಹೋಗಲಿಲ್ಲ.

ತಜ್ಞರು ಸೌಮ್ಯ ಸ್ವಭಾವದವರು. ಬೂಟು ಹಾಕಿಕೊಂಡೇ ಒಳಗೆ ಬಂದರು. ಅಲ್ಲಿದ್ದ ಹೆಂಗಸರು ಬೂಟನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ತಜ್ಞರನ್ನು ಒಳಗೆ ಕರೆದೊಯ್ದೆ. ಗಜಲಕ್ಷ್ಮಿಯ ಮುಂದೆ ಅವರು ನಿಂತರು. ಗಾಜಿನ ಒಳಗೆ, ಮೂಲೆಯಲ್ಲಿ, ಬೂಷ್ಟು ಹಿಡಿದಿದ್ದ ಸಣ್ಣ ಬೂದು ಚುಕ್ಕೆಗಳನ್ನು ಅವರು ತಕ್ಷಣ ಗುರುತಿಸಿದರು.

"ಗಾಜು ಚಿತ್ರಕ್ಕೆ ತಾಗಿಕೊಂಡಿದೆ. ತೇವ ಒಳಗೇ ನಿಂತಿದೆ. ಇದಕ್ಕೆ ಏನು ಮಾಡ್ತೀರಿ?"

"ಸದ್ಯಕ್ಕೆ ಏನೂ ಮಾಡುವುದಿಲ್ಲ. ಮನೆಯವರಿಗೆ ಮಾತು ಕೊಟ್ಟಿದ್ದೇವೆ."

"ಮುಂದೆ ರೇಕು ಎದ್ದು ಬರುತ್ತೆ. ನೀವು ಓದಿದವರು, ನಿಮಗೆ ಗೊತ್ತು."

ನನಗೆ ಗೊತ್ತಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ. ನಾನು ಮುಟ್ಟದೆ ಬಿಟ್ಟದ್ದು ಆ ಪಟಕ್ಕೆ ಒಳ್ಳೆಯದಲ್ಲ, ಅದು ಇವತ್ತಿಗೂ ನಿಜ. ಇದನ್ನು ಅವರಿಗೆ ವಿವರಿಸಲು ಹೋಗಿ ಕುಂಕುಮ, ಶುಕ್ರವಾರ, ಅತ್ತೆ ಎಂದೆಲ್ಲ ಏನೋ ಹೇಳಿದೆ. ಅವರು ತಲೆಯಾಡಿಸಿದರು. ಜನ ಬಂದಿರುವುದನ್ನು ನೋಡಿ ಬಹಳ ಸಂತೋಷವಾಯಿತು ಎಂದರು. ಹೋದರು.

ಉತ್ತರ ಬಂದಾಗ ಕಾರ್ಯದರ್ಶಿಗಳು ಅದನ್ನು ನನ್ನೆದುರು ಓದಿದರು. ಸಂರಕ್ಷಣೆಯ ವಿಷಯದಲ್ಲಿ ಸಂಗ್ರಹಾಲಯದ ಕೀರ್ತಿಗೂ ಈಗಿನ ರೂಢಿಗೂ ಅಂತರ ಕಂಡುಬಂದಿದೆ, ಆದ್ದರಿಂದ ಈ ಸಲ ನೆರವು ಸಾಧ್ಯವಿಲ್ಲ. ಓದಿ ಮಡಿಸಿಟ್ಟು, "ನಿಮ್ಮಿಂದ ಆಯ್ತು ಅಂತ ನಾನು ಹೇಳಲ್ಲಮ್ಮ," ಎಂದರು. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ದೊಡ್ಡ ಹೆಸರು ಬರಲಿಲ್ಲವೆಂದು ತಿಳಿದ ಮೇಲೆ ಅಂಗಡಿಯವರು ಕುರ್ಚಿ ಹಾಕಿಸುವುದನ್ನೂ ಬಿಟ್ಟರು. ನಿಂತಲ್ಲೇ "ನೋಡೋಣ" ಎಂದು ಕಳಿಸಿದರು. ಟ್ರಸ್ಟಿನ ಸಭೆ ಅರ್ಧ ಗಂಟೆಯೂ ನಡೆಯಲಿಲ್ಲ. ತಾತ್ಕಾಲಿಕವಾಗಿ ಮುಚ್ಚುವುದು ಎಂದು ಬರೆದುಕೊಂಡರು.

ಅಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ, "ನಮ್ಮಿಂದ ನಿಮಗೆ ಹೀಗಾಯ್ತಲ್ಲ," ಎಂದರು. ಅಲ್ಲ ಎಂದೆ. ಅವರು ನಂಬಲಿಲ್ಲ. ಆದರೂ ಪಟಗಳನ್ನು ಹಿಂದಿರುಗಿಸಲು ಪ್ರತಿ ಮನೆಗೂ ಜೊತೆಗೆ ಬಂದರು. ಒಂದೊಂದು ಮನೆಯವರೂ ಪಟಕ್ಕೆ ಸುತ್ತಿದ ಸೀರೆ ಬಿಚ್ಚಿ ಗಾಜನ್ನು ನೋಡಿ, ಬೆರಳಿನಿಂದ ಮುಟ್ಟಿ, ಆಮೇಲೆ ನಗುತ್ತಿದ್ದರು. ಗಜಲಕ್ಷ್ಮಿಯ ಮನೆಯಾಕೆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ನನಗೆ ತಾಂಬೂಲ ಕೊಟ್ಟು, "ಮುಂದಿನ ವರ್ಷಾನೂ ತಗೊಂಡ್ಹೋಗಿ ಕಣಮ್ಮ," ಎಂದರು. ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಎಲೆ ಅಡಿಕೆ ತೆಗೆದುಕೊಂಡು ಬಂದೆ. ಆ ದಿನಗಳಲ್ಲಿ ನನಗೆ ದುಃಖವೂ ಆಗುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿಸಿಕೊಂಡ ದವಡೆಯ ಹಾಗೆ ಇದ್ದೆ.

ಕೊನೆಯ ವಾರ. ನಮ್ಮದೇ ಸಂಗ್ರಹದ ಚಿತ್ರಗಳು ಉಗ್ರಾಣಕ್ಕೆ ಹೋಗಿಯಾಗಿತ್ತು. ನಾನು ಖಾಲಿ ಕೋಣೆಯಲ್ಲಿ ಮೊಳೆ ಕೀಳುತ್ತಿದ್ದಾಗ ಗೇಟಿನ ಹತ್ತಿರ ಆಟೋ ನಿಂತಿತು. ನಡುವಯಸ್ಸಿನ ಹೆಂಗಸೊಬ್ಬರು ಇಳಿದರು. ಹಣೆಯಲ್ಲಿ ವಿಭೂತಿ, ತೋಳಿನಲ್ಲಿ ಕೆಂಪು ಸೀರೆಯಲ್ಲಿ ಸುತ್ತಿದ ಪಟ. ನಾನು ಕಂಡ ಮುಖವಲ್ಲ. ನಾವು ಓಡಾಡಿದ ಬೀದಿಗಳವರೂ ಅಲ್ಲ.

"ಬೋಗಾದಿಯಿಂದ ಬಂದಿದೀನಿ," ಎಂದರು, ಉಸಿರು ಬಿಡುತ್ತಾ. "ನಿಮ್ಮ ಮ್ಯೂಸಿಯಂನಲ್ಲಿ ದೇವರು ಕೊಟ್ರೆ ಎಂಗಿತ್ತೋ ಅಂಗೇ ವಾಪಸ್ ಕೊಡ್ತೀರಂತೆ. ನಮ್ಮ ಬೀಗರ ಮನೇಲಿ ಹೇಳ್ತಿದ್ರು. ಅದ್ಕೇ ಯಾರೂ ಕೇಳ್ದಿದ್ರೂ ನಾನೇ ತಂದ್ಬುಟ್ಟೆ. ನಮ್ಮಜ್ಜಿ ಕಾಲದ್ದು, ಶಿವಪಾರ್ವತಿ. ನಾಕು ಜನ ನೋಡ್ಲಿ ಅಂತ."

ಅವರು ಕಟ್ಟೆಯ ಮೇಲೆ ಕೂತು ಪಟಕ್ಕೆ ಸುತ್ತಿದ್ದ ಸೀರೆ ಬಿಚ್ಚಿದರು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ಒಂದರ ಮೇಲೊಂದು, ಒಣಗಿ ಬೆಳ್ಳಗಾಗಿತ್ತು. ಇಂಥ ಪಟಕ್ಕಾಗಿ ನಾನು ಎಷ್ಟು ಮನೆಗಳ ಕಾಫಿ ಕುಡಿದಿದ್ದೆ.

"ಬಹಳ ಚೆನ್ನಾಗಿದೆ," ಎಂದೆ. "ಆದರೆ ಈಗ ಮುಚ್ಚಿದ್ದೇವೆ ಅಮ್ಮ."

"ಓ, ರಜವಾ? ಯಾವಾಗ ತೆಗೀತೀರಾ?"

ತೆರೆದ ಬಾಗಿಲಿನಿಂದ ಅವರಿಗೆ ಖಾಲಿ ಗೋಡೆಗಳು ಕಾಣುತ್ತಿದ್ದವು. ರಿಪೇರಿ ನಡೆಯುತ್ತಿದೆ ಎಂದುಕೊಂಡಿರಬೇಕು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಪಟವನ್ನು ಮತ್ತೆ ಸುತ್ತುತ್ತಿದ್ದರು, ಮಗುವಿಗೆ ಶಾಲು ಹೊದಿಸಿದ ಹಾಗೆ. ನಾನು ಆಟೋದವರೆಗೂ ಹೋಗಿ ಒಂದು ಬದಿ ಹಿಡಿದು ಹತ್ತಿಸಿದೆ. ಗುಂಡಿ ನೋಡಿಕೊಂಡು ನಿಧಾನವಾಗಿ ಹೋಗಿ ಎಂದು ಆಟೋದವರಿಗೆ ಹೇಳಿದೆ.

"ಬಾಗಿಲು ತೆಗೆದಾಗ ಹೇಳಿ ಕಳಿಸಿ, ಮರೀಬೇಡಿ," ಎಂದರು ಅವರು.

"ಹೇಳಿ ಕಳಿಸ್ತೀನಿ ಅಮ್ಮ," ಎಂದೆ.

ಆ ಸಂಗ್ರಹಾಲಯದ ಹೆಸರಿನಲ್ಲಿ ಮನೆಗಳಿಗೆ ನಾನು ಕೊಟ್ಟ ಮಾತುಗಳಲ್ಲಿ, ನಡೆಸಲಾಗದೆ ಹೋದದ್ದು ಅದೊಂದೇ.